ಎರಡು ಪೈ ತೆರಿಗೆಯ ಉಪ್ಪು: ಪಯ್ಯನ್ನೂರು, 1930

ಆಗಸ್ಟ್ 15 ಹತ್ತಿರ ಬಂದರೆ ಕಾಸರಗೋಡಿನ ಶಾಲೆ, ವಾಚನಾಲಯಗಳಲ್ಲಿ ಉಪ್ಪಿನ ಸತ್ಯಾಗ್ರಹದ ಒಂದು ರೂಪಕ ಇದ್ದೇ ಇರುತ್ತದೆ. ಬಿಳಿ ಟೊಪ್ಪಿ, ಕೈಯಲ್ಲಿ ಕೋಲು, ಮೇಜಿನ ಮೇಲೆ ಅಂಗಡಿಯಿಂದ ತಂದ ಪ್ಯಾಕೆಟಿನ ಉಪ್ಪು. ಮಕ್ಕಳು ಒಂದು ಹಿಡಿ ಎತ್ತಿ ತೋರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಮಕ್ಕಳ ಉತ್ಸಾಹದಲ್ಲಿ ಕೊರತೆಯೇನಿಲ್ಲ. ಆದರೆ ಕಡಲಿಗೆ ನಡೆದುಹೋಗಿ ಬಗ್ಗಿ ಎತ್ತಿಕೊಂಡರೆ ಉಪ್ಪು ಸಿಗುತ್ತಿತ್ತು ಎಂಬ ಭಾವನೆ ಅವರಲ್ಲಿ ಉಳಿದುಬಿಡುತ್ತದೆ. 1930ರಲ್ಲಿ ನಮ್ಮ ಕರಾವಳಿಯಲ್ಲಿ ಉಪ್ಪು ಹಾಗೆ ಬಿದ್ದಿರಲಿಲ್ಲ. ಮಣ್ಣು ಕೆರೆದು, ನೀರಿಳಿಸಿ, ಸೌದೆ ಒಟ್ಟಿ, ಗಂಟೆಗಟ್ಟಲೆ ಕುದಿಸಿ ಅದನ್ನು ತೆಗೆಯಬೇಕಿತ್ತು, ಅದೂ ಪೊಲೀಸರ ಕಣ್ಣೆದುರಿಗೇ. ಆ ಕೆಲಸವನ್ನು ಕೈಯಾರೆ ಮಾಡಿ ನೋಡಿದ ಮಗುವಿಗೆ ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ ಏನೆಂದು ಹೇಳಿಕೊಡುವುದು ಸುಲಭ. ಹಾಗಾಗಿ ಉಪ್ಪು ತೆಗೆಯುವ ಕ್ರಮ, ಅದರಲ್ಲಿ ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನೂ ಅದರ ಹಿಂದಿನ ಲೆಕ್ಕವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ಮಾಷ್ಟ್ರುಗಳಿಗೆ, ವಾಚನಾಲಯದ ಕಾರ್ಯಕರ್ತರಿಗೆ ಬಳಸಲು ಬಂದರೆ ಸಾಕು.

ಮೊದಲು ಊರು ಮತ್ತು ತಾರೀಕು, ಏಕೆಂದರೆ ಭಾಷಣಗಳಲ್ಲಿ ಹೆಚ್ಚು ಎಡವುವುದು ಇಲ್ಲೇ. ಗಾಂಧೀಜಿ ಸಾಬರಮತಿಯಿಂದ ಹೊರಟದ್ದು 1930ರ ಮಾರ್ಚ್ 12ರಂದು, ದಂಡಿಯಲ್ಲಿ ಕಾನೂನು ಮುರಿದದ್ದು ಏಪ್ರಿಲ್ 6ರಂದು. ಉತ್ತರ ಕನ್ನಡದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಏಪ್ರಿಲ್ 13ರಂದು ಉಪ್ಪು ತೆಗೆದರು. ಅದೇ ಏಪ್ರಿಲ್ 13ರಂದು, ಬಿಸು ಹಬ್ಬದ ಆಸುಪಾಸಿನಲ್ಲೇ, ಮಲಬಾರಿನ ಕಾಂಗ್ರೆಸ್ ನಾಯಕ ಕೆ. ಕೇಳಪ್ಪನ್ ಅವರು ಮೂವತ್ತಕ್ಕೂ ಮಿಕ್ಕಿದ ಸ್ವಯಂಸೇವಕರೊಂದಿಗೆ ಕೋಝಿಕ್ಕೋಡಿನಿಂದ ಬಡಗು ದಿಕ್ಕಿಗೆ ನಡೆದರು. ಪಯ್ಯನ್ನೂರಿನ ಉಳಿಯತ್ತು ಕಡವಿನಲ್ಲಿ ಏಪ್ರಿಲ್ 23ರಂದು ಉಪ್ಪು ಕುದಿಸಿದರು. ಪಯ್ಯನ್ನೂರು ಆಗ ಮಲಬಾರು ಜಿಲ್ಲೆಗೆ ಸೇರಿತ್ತು. ಅದಕ್ಕೆ ತಾಗಿಕೊಂಡೇ ಇದ್ದ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಎರಡೂ ಮದ್ರಾಸ್ ಪ್ರಾಂತದವು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಜಿಲ್ಲೆಯಾದದ್ದು 1984ರ ಮೇ 24ರಂದು. "1930ರಲ್ಲಿ ಕಾಸರಗೋಡು ಜಿಲ್ಲೆಯ ಸತ್ಯಾಗ್ರಹಿಗಳು" ಎಂದು ಬ್ಯಾನರಿನಲ್ಲಿ ಬರೆದರೆ ಅದು ತಪ್ಪು. ಹಿರಿಯರ ಹೆಸರಿಗಾಗಿ ಹಳೆಯ ಕಡತ ಹುಡುಕುವವರೂ ಇದನ್ನು ನೆನಪಿಡಬೇಕು. ಕುಂಬಳೆ, ಮಂಜೇಶ್ವರ, ಹೊಸದುರ್ಗದ ಕಡೆಯವರ ವಿವರವನ್ನು ದಕ್ಷಿಣ ಕನ್ನಡದ ಕಡತಗಳಲ್ಲಿ ಅರಸಬೇಕು, ಮಲಬಾರಿನವುಗಳಲ್ಲಲ್ಲ. ಕಾಞಂಗಾಡಿನ ಕೆ. ಮಾಧವನ್ ಅವರಂಥ ಹುಡುಗರು ಪಯ್ಯನ್ನೂರಿನ ಸತ್ಯಾಗ್ರಹಕ್ಕೆ ಸೇರಿದ್ದು ಈ ಗಡಿ ದಾಟಿ. ಅವರಿಗಾಗ ಮೀಸೆ ಮೂಡುವ ಪ್ರಾಯವೂ ಆಗಿರಲಿಲ್ಲ.

ಇನ್ನು ಕಾಲ. ಉಪ್ಪಿನ ಕೆಲಸ ಬೇಸಿಗೆಯ ತುಳು ತಿಂಗಳುಗಳಾದ ಸುಗ್ಗಿ, ಪಗ್ಗುವಿನ ಕೆಲಸ, ಮಳೆಗಾಲದ ಆಟಿಯದ್ದಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯೇ. ದಡದ ಮಣ್ಣಿನಲ್ಲಿದ್ದ ಉಪ್ಪೂ ತೊಳೆದು ಹೋಗಿರುತ್ತದೆ. ಪಯ್ಯನ್ನೂರಿನ ಸುತ್ತಲಿನ ಕೈಪಾಡು (ಉಪ್ಪುನೀರು ನುಗ್ಗುವ) ಗದ್ದೆಯವರಿಗೆ ಇದು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಉಪ್ಪುಮಣ್ಣನ್ನು ದಿಬ್ಬ ಮಾಡಿ ಬಿಡುತ್ತಾರೆ, ಮಳೆ ಬಂದು ಉಪ್ಪನ್ನು ತೊಳೆದ ಮೇಲೆಯೇ ಬತ್ತ. ಅಂದರೆ ಆಗಸ್ಟ್ 15ಕ್ಕೆ ಹೊಳೆಬದಿಯಲ್ಲಿ ಮಡಕೆ ಇಟ್ಟು ಕುದಿಸಿದರೆ ಸೌದೆ ಹೋದದ್ದೇ ಬಂತು, ತಳದಲ್ಲಿ ತುಸು ಕೆಸರಿನ ಬಣ್ಣ ಉಳಿದೀತು ಅಷ್ಟೆ. ಫೆಬ್ರವರಿಯಿಂದ ಮೇ ನಡುವಿನ ತನಕ ಕಾಲ ಒಳ್ಳೆಯದು, ಏಪ್ರಿಲ್ ಎಲ್ಲಕ್ಕಿಂತ ಒಳ್ಳೆಯದು. 1930ರ ಚಳವಳಿ ನಮ್ಮ ಕರಾವಳಿ ಮುಟ್ಟಿದ್ದೂ ಸರಿಯಾಗಿ ಆ ತಿಂಗಳಲ್ಲೇ.

ಆದರೆ ಏಪ್ರಿಲ್, ಮೇ ಶಾಲೆಗೆ ರಜೆ. ಅದಕ್ಕೆ ಎರಡು ದಾರಿ ಉಂಟು. ಜನವರಿ ಕೊನೆಯಿಂದ ಮಾರ್ಚ್ ಒಳಗೆ ಒಂದು ದಿನ ಇಟ್ಟುಕೊಳ್ಳುವುದು ಒಂದು. ರಜೆಯಲ್ಲೇ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿ ಉಪ್ಪುಮಣ್ಣು ಕೆರೆದು ತಂದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡುವುದು ಇನ್ನೊಂದು. ಹೀಗಿಟ್ಟ ಮಣ್ಣನ್ನು ಆಗಸ್ಟಿನಲ್ಲಿ ಶಾಲೆಯ ಜಗಲಿಯಲ್ಲೇ ನೀರಿಳಿಸಿ ಕುದಿಸಬಹುದು. ಮುಚ್ಚಳ ಸಡಿಲವಿದ್ದರೆ ಜೂನ್ ಮುಗಿಯುವ ಮೊದಲೇ ಮಣ್ಣು ಗಾಳಿಯ ತೇವ ಹೀರಿ ಅಂಟಾಗಿ ಕೂರುತ್ತದೆ. ಗೋಣಿಚೀಲದಲ್ಲಂತೂ ಇಡಲೇಬಾರದು.

ಮಣ್ಣು ಎಲ್ಲಿಂದ? ಕಡಲಿನ ಹೊಯ್ಗೆಯಿಂದ (ಮರಳಿನಿಂದ) ಪ್ರಯೋಜನವಿಲ್ಲ. ಹೊಯ್ಗೆಯಲ್ಲಿ ನೀರು ನಿಲ್ಲುವುದಿಲ್ಲ, ಉಪ್ಪು ಮೇಲೆ ಬರುವುದಿಲ್ಲ. ಬೇಕಾದದ್ದು ಅಳಿವೆಯ ಒಳಬದಿಯ ಜೇಡಿ ದಡ, ಅದೂ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಮಾತ್ರ ಮುಟ್ಟುವ ಎತ್ತರದ ಜಾಗ. ದಿನದ ಉಬ್ಬರ ಮುಟ್ಟುವ ಜಾಗ ಒಣಗುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ನೆನೆದು ಆಮೇಲೆ ಬಿಸಿಲಿಗೆ ಬಿಟ್ಟ ನೆಲದಲ್ಲಿ, ಮಣ್ಣಿನೊಳಗಿನ ಉಪ್ಪುನೀರು ಮೇಲಕ್ಕೆ ಏರಿ ಆವಿಯಾಗಿ, ಉಪ್ಪು ಬಿಳಿ ಪೊರೆಯಾಗಿ ನಿಲ್ಲುತ್ತದೆ. ಹುಣ್ಣಿಮೆ ಕಳೆದು ಐದಾರು ದಿನ ಬಿಟ್ಟು, ಇಬ್ಬನಿ ಆರಿದ ಮೇಲೆ, ಮಧ್ಯಾಹ್ನ ಹೋಗಬೇಕು. ಗೆರಟೆಯ (ತೆಂಗಿನ ಚಿಪ್ಪಿನ) ಅಂಚಿನಿಂದ ಮೇಲಿನ ಅರ್ಧ ಸೆಂಟಿಮೀಟರ್ ಪದರವನ್ನಷ್ಟೇ ಕೆರೆಯಬೇಕು. ಮಕ್ಕಳು ಉಮೇದಿನಲ್ಲಿ ಆಳಕ್ಕೆ ಕೆರೆಯುತ್ತಾರೆ. ಆಳಕ್ಕೆ ಹೋದಷ್ಟೂ ಜೇಡಿ ಹೆಚ್ಚು, ಉಪ್ಪು ಕಡಿಮೆ, ಮುಂದೆ ಸೋಸುವಾಗ ನೀರು ಇಳಿಯುವುದೇ ಇಲ್ಲ. ಅಳಿವೆಯ ದಡದ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಕೈ ಹಾಕಬಾರದು. ಪೇಟೆಯ ಚರಂಡಿ ಬಂದು ಬೀಳುವ ಕಡೆಯ ಮಣ್ಣೂ ಬೇಡ.

ಇಷ್ಟು ಕೆರೆದದ್ದೇ 1930ರಲ್ಲಿ ಅಪರಾಧವಾಗಿ ಮುಗಿದಿತ್ತು. ಇದನ್ನು ಮಕ್ಕಳಿಗೆ ಆ ದಡದಲ್ಲಿ ನಿಂತೇ ಹೇಳಬೇಕು. ಮದ್ರಾಸ್ ಪ್ರಾಂತಕ್ಕೆ 1889ರ ಪ್ರತ್ಯೇಕ ಉಪ್ಪಿನ ಕಾಯಿದೆ ಇತ್ತು. 1882ರ ಭಾರತೀಯ ಉಪ್ಪಿನ ಕಾಯಿದೆ ಎಂದು ಎಲ್ಲ ಕಡೆಗೂ ಸೇರಿಸಿ ಹೇಳುವುದು ರೂಢಿ, ನಮ್ಮ ಪ್ರಾಂತದ ಮಟ್ಟಿಗೆ ಅದು ಸರಿಯಲ್ಲ. ಲೈಸೆನ್ಸ್ ಇಲ್ಲದೆ ಉಪ್ಪು ಕುದಿಸುವುದು ಮಾತ್ರವಲ್ಲ, ನೆಲದ ಮೇಲೆ ತಾನಾಗಿ ಮೂಡಿದ ಉಪ್ಪನ್ನು ಕೆರೆದು ಒಟ್ಟುವುದೂ ಕಾನೂನಿನ ಕಣ್ಣಿಗೆ ತಯಾರಿಕೆಯೇ. ಹಾಗೆ ತಾನಾಗಿ ಮೂಡಿದ ಉಪ್ಪನ್ನು ಇಲಾಖೆಯವರೇ ಕೆಸರಿಗೆ ಬೆರೆಸಿ ಹಾಳುಮಾಡಿಸುತ್ತಿದ್ದರು. ಮದ್ರಾಸ್ ಪ್ರಾಂತದಲ್ಲಿ ಸರಕಾರ ಉಪ್ಪಿನ ಏಕಸ್ವಾಮ್ಯ ಹಿಡಿದದ್ದು 1805ರಲ್ಲಿ. ಆಮೇಲೆ ಮನೆ ಮುಂದೆ ಕಡಲು ಇದ್ದವರೂ ಮುಂಬಯಿ ಕಡೆಯಿಂದ ಹಡಗಿನಲ್ಲಿ ಬಂದ ಉಪ್ಪನ್ನು ತೆರಿಗೆ ಕೊಟ್ಟು ಕೊಳ್ಳಬೇಕಾಯಿತು. ಮೀನಿಗೆ ಉಪ್ಪು ಹಾಕಿ ಒಣಗಿಸುವ ಮೊಗವೀರರಿಗೆ, ಮುಕ್ಕುವರಿಗೆ ತೆರಿಗೆಯಿಲ್ಲದ ಉಪ್ಪು ಸಿಗುತ್ತಿತ್ತು ನಿಜ. ಆದರೆ ಅದು ಸರಕಾರದ ಬೇಲಿಯೊಳಗಿನ ಅಂಗಳದಲ್ಲಿ, ಇಲಾಖೆಯವರ ಕಣ್ಗಾವಲಿನಲ್ಲಿ, ಅಲ್ಲೇ ಮೀನಿಗೆ ಹಾಕಿ ಮುಗಿಸುವುದಕ್ಕೆ ಮಾತ್ರ.

ಮಣ್ಣು ಬಂದ ಮೇಲೆ ನೀರಿಳಿಸುವ ಕೆಲಸ. ಸತ್ಯಾಗ್ರಹದ ಚಿತ್ರಗಳಲ್ಲಿ ಒಲೆ, ಬಾಣಲೆ ಕಾಣುತ್ತದೆಯೇ ಹೊರತು ಇದು ಕಾಣುವುದಿಲ್ಲ. ನೇರವಾಗಿ ಕಡಲ ನೀರನ್ನು ಕುದಿಸಿದರಾಗದೇ ಎಂದು ಮಕ್ಕಳು ಕೇಳುತ್ತಾರೆ. ಆಗುತ್ತದೆ, ಆದರೆ ಸೌದೆಯ ಲೆಕ್ಕ ನೋಡಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಊಟದ ಉಪ್ಪು 27 ಗ್ರಾಂ ಆಸುಪಾಸು, ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವು. ಹತ್ತು ಲೀಟರು ಕುದಿಸಿದರೆ ಒಳ್ಳೆಯ ಉಪ್ಪು 200ರಿಂದ 220 ಗ್ರಾಂ ಕೈಗೆ ಬಂದೀತು. ಮೂರು ಕಲ್ಲಿನ ಬಯಲು ಒಲೆಯಲ್ಲಿ ಬೆಂಕಿಯ ಬಿಸಿಯ ಹೆಚ್ಚಿನ ಪಾಲು ಗಾಳಿಗೇ ಹೋಗುವುದರಿಂದ ಒಂದು ಲೀಟರು ನೀರು ಆವಿಯಾಗಲು ಒಂದರಿಂದ ಒಂದೂವರೆ ಕಿಲೋ ಒಣ ಸೌದೆ ಬೇಕು. ಕಾಲು ಕಿಲೋ ಕೂಡ ಆಗದ ಉಪ್ಪಿಗೆ ಹತ್ತರಿಂದ ಹದಿನೈದು ಕಿಲೋ ಸೌದೆ! ಉಪ್ಪುಮಣ್ಣಿನಿಂದ ಇಳಿಸಿದ ದಪ್ಪ ನೀರಾದರೆ ಅಷ್ಟೇ ಸೌದೆಯಲ್ಲಿ ಅದರ ನಾಲ್ಕು ಪಾಲು ಉಪ್ಪು ತೆಗೆಯಬಹುದು.

ಇಳಿಸುವುದು ಹೀಗೆ. ಇಪ್ಪತ್ತು ಲೀಟರು ಹಿಡಿಯುವ ಮಣ್ಣಿನ ಮಡಕೆ ಅಥವಾ ಪ್ಲಾಸ್ಟಿಕ್ ಬಕೆಟು, ತಳದಲ್ಲಿ ಕಿರುಬೆರಳು ಹೋಗುವಷ್ಟು ಒಂದು ತೂತು. ತೂತಿನ ಮೇಲೆ ಒಂದು ಗೆರಟೆ ಕವುಚಿ, ಅದರ ಸುತ್ತ ಮೂರು ಬೆರಳು ದಪ್ಪಕ್ಕೆ ತೆಂಗಿನ ನಾರು, ಅದರ ಮೇಲೆ ಬೈಹುಲ್ಲು, ಮೇಲೆ ನಾಲ್ಕು ಬೆರಳು ತೊಳೆದ ಹೊಯ್ಗೆ. ಅದರ ಮೇಲೆ ಪುಡಿಮಾಡಿದ ಉಪ್ಪುಮಣ್ಣು, ಮಡಕೆಯ ಅರ್ಧದಷ್ಟು. ಮಣ್ಣನ್ನು ಒತ್ತಬಾರದು. ಮೇಲಿನಿಂದ ಸುರಿಯುವ ನೀರೂ ಕಡಲ ನೀರೇ ಆಗಬೇಕು, ಬಾವಿ ನೀರು ಹಾಕಿದರೆ ಕಡಲ ನೀರಿನಲ್ಲಿದ್ದ ಉಪ್ಪಿನ ಪಾಲು ಸುಮ್ಮನೆ ಬಿಟ್ಟ ಹಾಗೆ. ಗೆರಟೆಯಲ್ಲಿ ಸ್ವಲ್ಪ ಸ್ವಲ್ಪವೇ ಹೊಯ್ದು, ಇಂಗಿದ ಮೇಲೆ ಇನ್ನಷ್ಟು. ಮೊದಲು ತೊಟ್ಟಿಕ್ಕುವ ಕದಡಿದ ನೀರನ್ನು ತಿರುಗಿ ಮೇಲೆಯೇ ಹಾಕಬೇಕು. ತಿಳಿಯಾದ ಮೇಲೆ ಬರುವ ಮೊದಲ ಐದಾರು ಲೀಟರು ಎಲ್ಲಕ್ಕಿಂತ ದಪ್ಪ. ಆಮೇಲಿನದು ತೆಳ್ಳಗೆ, ಅದನ್ನು ಹೊಸ ಮಣ್ಣಿನ ಮೇಲೆ ಹೊಯ್ಯಲು ಇಟ್ಟುಕೊಳ್ಳಬಹುದು. ನೀರು ಇಳಿಯದೆ ಮೇಲೆ ಕೆರೆಯ ಹಾಗೆ ನಿಂತರೆ ಜೇಡಿ ಹೆಚ್ಚಾಗಿದೆ ಎಂದರ್ಥ. ಮಣ್ಣನ್ನು ತೆಗೆದು ಮೂರನೇ ಒಂದು ಪಾಲು ಹೊಯ್ಗೆ ಬೆರೆಸಿ ತುಂಬಿದರೆ ಸರಿಹೋಗುತ್ತದೆ.

ದಪ್ಪ ಸಾಕೇ ಎಂದು ನೋಡಲು ಒಂದು ಕೋಳಿಮೊಟ್ಟೆ ಸಾಕು. ಹೊಸ ಮೊಟ್ಟೆ ಬರೀ ಕಡಲ ನೀರಿನಲ್ಲಿ ಮುಳುಗುತ್ತದೆ. ನೂರಕ್ಕೆ ಹನ್ನೆರಡರಷ್ಟು ಉಪ್ಪಿರುವ ನೀರಿನಲ್ಲಿ ತೇಲುತ್ತದೆ. ತೇಲಿದ ಮೊಟ್ಟೆಯ ತಲೆ ಒಂದು ರೂಪಾಯಿ ನಾಣ್ಯದಷ್ಟು ಮೇಲೆ ಕಂಡರೆ ಇನ್ನೂ ಒಳ್ಳೆಯದು. ಹಳೆಯ ಮೊಟ್ಟೆ ಬೇಡ, ಅದರೊಳಗೆ ಗಾಳಿ ಸೇರಿ ಸಪ್ಪೆ ನೀರಿನಲ್ಲೂ ಏಳುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕು ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು. ಮಳೆಗೆ ಹರಿದು ಬಂದ ಕೆಂಪು ಮಣ್ಣು ಅಳಿವೆಯ ದಡದಲ್ಲೂ ಕೂತಿರುತ್ತದೆ. ಇಳಿಸಿದ ನೀರನ್ನು ಒಂದು ರಾತ್ರಿ ಅಲುಗಿಸದೆ ಬಿಟ್ಟು ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಈ ಒಂದು ರಾತ್ರಿ ಕಾಯದಿದ್ದರೆ ಉಪ್ಪು ಇಟ್ಟಿಗೆ ಬಣ್ಣಕ್ಕೆ ಬರುತ್ತದೆ.

ಕುದಿಸುವುದಕ್ಕೆ ಬಾಯಿ ಅಗಲವಾದ ಪಾತ್ರೆ, ಸ್ಟೀಲಿನದ್ದಾದರೆ ಒಳ್ಳೆಯದು. ಕಬ್ಬಿಣದ ಬಾಣಲೆಯಲ್ಲಿ ಉಪ್ಪಿಗೆ ತುಕ್ಕಿನ ಬಣ್ಣ ಬರುತ್ತದೆ, ಅಲ್ಯೂಮಿನಿಯಂ ತೂತು ಬೀಳುವಷ್ಟು ತಿನ್ನಿಹೋಗುತ್ತದೆ. ಮಣ್ಣಿನ ಚಟ್ಟಿ ನೋಡಲು ಚೆಂದ, ಆದರೆ ಉಪ್ಪುನೀರು ಅದರ ಮೈಯೊಳಗೆ ಇಳಿದು ಅಲ್ಲಿ ಹರಳುಗಟ್ಟಿದಾಗ ಚಟ್ಟಿ ಒಡೆಯುತ್ತದೆ. ಮಕ್ಕಳು ಸುತ್ತ ನಿಂತಿರುವಾಗ ಅದು ಬೇಡ. ಸೌದೆಯ ಜೊತೆ ತೆಂಗಿನ ಮಡಲು, ಅದರ ದಿಂಡಾದ ಕೊತ್ತಳಿಗೆ ಹಾಕಿದರೆ ಬೆಂಕಿ ಜೋರಾಗಿ ಹತ್ತುತ್ತದೆ, ಆದರೆ ಬೇಗ ಬೂದಿಯಾಗುತ್ತದೆ. ಮೊದಲ ಕುದಿಗೆ ಅದು, ಆಮೇಲೆ ಗಟ್ಟಿ ಸೌದೆ.

ಕುದಿ ಬಂದಾಗ ಮೇಲೆ ಕಂದು ನೊರೆ ಏಳುತ್ತದೆ, ತೆಗೆದು ಚೆಲ್ಲಬೇಕು. ನೀರು ಇಳಿಯುತ್ತ ಬಂದಂತೆ ಪಾತ್ರೆಯ ಬದಿಗೆ ಬಿಳಿ ಸುಣ್ಣದಂಥದು ಅಂಟುತ್ತದೆ. ಅದನ್ನು ಕಂಡು "ಉಪ್ಪು ಬಂತು" ಎಂದು ಕೂಗುವವರೇ ಹೆಚ್ಚು. ಅದು ಉಪ್ಪಲ್ಲ. ಕ್ಯಾಲ್ಸಿಯಂ ಕಾರ್ಬೊನೇಟು ಮತ್ತು ಜಿಪ್ಸಂ, ನಾಲಿಗೆಗೆ ಸಪ್ಪೆ. ಬರೀ ಕಡಲ ನೀರಾದರೆ ನಾಲ್ಕನೇ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ಜಿಪ್ಸಂ ಕೂರಲು ಶುರು, ನಿಜವಾದ ಉಪ್ಪು ಹರಳುಗಟ್ಟುವುದು ಹತ್ತನೇ ಒಂದು ಪಾಲು ಉಳಿದಾಗ. ಇವೆರಡರ ನಡುವೆ ಒಮ್ಮೆ ಒಲೆಯಿಂದ ಇಳಿಸಿ, ಬಟ್ಟೆಯಲ್ಲಿ ಸೋಸಿ, ಪಾತ್ರೆ ತೊಳೆದು ಮತ್ತೆ ಇಟ್ಟರೆ ಉಪ್ಪು ಶುದ್ಧವಾಗಿ ಬರುತ್ತದೆ. ಮಣ್ಣಿನಿಂದ ಇಳಿಸಿದ ದಪ್ಪ ನೀರಾದರೆ ಅರ್ಧಕ್ಕೆ ಇಳಿದಾಗಲೇ ಹರಳು ಕಾಣಬಹುದು, ಆದ್ದರಿಂದ ಮೊದಲೇ ಸೋಸಿಕೊಳ್ಳಬೇಕು.

ಹರಳು ಕಂಡ ಕೂಡಲೇ ಬೆಂಕಿ ಕಡಿಮೆ ಮಾಡಬೇಕು. ಜೋರು ಬೆಂಕಿಯಲ್ಲಿ ತಳದ ಉಪ್ಪು ಸಿಡಿಯುತ್ತದೆ, ಕೈಗೆ ಮುಖಕ್ಕೆ ಹಾರಿದರೆ ನೀರಿನ ಸುಟ್ಟಗಾಯಕ್ಕಿಂತ ಕೆಟ್ಟದು. ತೂತಿನ ಸೌಟಿನಲ್ಲಿ ಹರಳನ್ನು ಬಾಚಿ ಬುಟ್ಟಿಗೆ ಹಾಕುತ್ತ ಹೋಗಬೇಕು, ಬುಟ್ಟಿಯ ಕೆಳಗೆ ಒಂದು ಪಾತ್ರೆ. ಹತ್ತು ಲೀಟರು ಕಡಲ ನೀರಿನಿಂದ ಹೊರಟಿದ್ದರೆ ಮುನ್ನೂರು, ನಾನೂರು ಮಿಲಿಲೀಟರ್ ದ್ರವ ಉಳಿದಾಗ ನಿಲ್ಲಿಸಿಬಿಡಬೇಕು. ಉಳಿದ ಆ ಎಣ್ಣೆಯಂಥ ದ್ರವ ಮೆಗ್ನೀಸಿಯಂ ಲವಣಗಳದ್ದು, ಬಾಯಿಗಿಟ್ಟರೆ ಕಹಿ. ಎಲ್ಲ ತಪ್ಪುಗಳಲ್ಲಿ ಸಾಮಾನ್ಯವಾದದ್ದು ಇದನ್ನೂ ಬಿಡದೆ ಪೂರ್ತಿ ಬತ್ತಿಸುವುದು. ತೂಕ ಹೆಚ್ಚು ಬಂದ ಹಾಗೆ ಕಾಣುತ್ತದೆ, ಆದರೆ ಉಪ್ಪು ಕಹಿಯಾಗುತ್ತದೆ. ಮೆಗ್ನೀಸಿಯಂ ಕ್ಲೋರೈಡು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಆಟಿ ಬರುವಷ್ಟರಲ್ಲಿ ಭರಣಿಯಲ್ಲಿ ಉಪ್ಪಿನ ಬದಲು ಗಂಜಿಯಂಥದು ಇರುತ್ತದೆ.

ಪಯ್ಯನ್ನೂರಿನಲ್ಲಿ ಇದನ್ನೆಲ್ಲ ಮಾಡಿದವರಿಗೆ ಇಷ್ಟು ಪುರುಸೊತ್ತು ಸಿಗಲಿಲ್ಲ. ದೇಶದ ತುಂಬ 1930ರ ಆ ವಾರಗಳಲ್ಲಿ ಪೊಲೀಸರ ಕ್ರಮ ಒಂದೇ ಬಗೆಯದು. ಮೊದಲು ನೀರು ಚೆಲ್ಲುವುದು, ಪಾತ್ರೆ ಒಡೆಯುವುದು, ಒಲೆ ತುಳಿಯುವುದು, ಮುಷ್ಟಿಯಲ್ಲಿ ಉಪ್ಪಿದ್ದರೆ ಬೆರಳು ಬಿಡಿಸಿ ಕಿತ್ತುಕೊಳ್ಳುವುದು. ಆಮೇಲೆ ಲಾಠಿ, ಆಮೇಲೆ ಜೈಲು. ಕುದಿಯುವ ಉಪ್ಪುನೀರಿನ ಪಾತ್ರೆಯ ಸುತ್ತ ಕೈ ಹಿಡಿದು ಕೂತವರ ಮೇಲೆ ಲಾಠಿ ಬೀಸಿದರೆ ಏನಾಗುತ್ತದೆ ಎಂಬುದು, ಆ ಪಾತ್ರೆಯ ಹತ್ತಿರ ನಿಂತು ಹರಳು ಬಾಚಿದವರಿಗೆ ಬೇರೆ ವಿವರಣೆ ಬೇಕಾಗದು. ಕೋಝಿಕ್ಕೋಡಿನ ಕಡಲತಡಿಯಲ್ಲಿ ಮೇ 12ರಂದು ಉಪ್ಪು ತೆಗೆಯಲು ಬಂದವರ ಮೇಲೆ ಲಾಠಿ ಬಿತ್ತು. ಗುಜರಾತಿನ ಧಾರಾಸಣದಲ್ಲಿ ಮೇ 21ರಂದು ಸಾಲುಸಾಲಾಗಿ ಬಂದವರ ತಲೆ ಒಡೆದರು. ದೇಶದಲ್ಲಿ ಆ ವರ್ಷ ಬಂಧಿತರಾದವರು ಅರುವತ್ತು ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ.

ಇಲ್ಲಿ ಮಕ್ಕಳಿಂದಲೇ ಒಂದು ಗಣಿತ ಮಾಡಿಸಬೇಕು. ನನ್ನ ಮಟ್ಟಿಗೆ ಇಡೀ ಪ್ರಯೋಗದ ತಿರುಳೇ ಇದು. 1930ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆ. ಆ ಮಣ 82 ಪೌಂಡು, ಎಂದರೆ ಸುಮಾರು 37 ಕಿಲೋ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹಾಗಾದರೆ 37 ಕಿಲೋಗೆ 240 ಪೈ, ಕಿಲೋಗೆ ಆರೂವರೆ ಪೈ ಹತ್ತಿರ. ನಾವು ದಿನವಿಡೀ ಹೊಗೆ ಕುಡಿದು ತೆಗೆದ ಕಾಲು ಕಿಲೋ ಉಪ್ಪಿನ ಮೇಲಿನ ತೆರಿಗೆ ಎರಡು ಪೈಗೂ ಕಡಿಮೆ. ಆ ಎರಡು ಪೈ ಕೊಡಲು ಒಪ್ಪದವರಿಗೆ ತಿಂಗಳುಗಟ್ಟಲೆ ಕಠಿಣ ಸಜೆ. ತೆರಿಗೆ ಸಣ್ಣದು, ಇಷ್ಟಕ್ಕೆ ಇಷ್ಟು ದೊಡ್ಡ ಚಳವಳಿ ಬೇಕಿತ್ತೇ ಎಂದು ಆಗಲೂ ಕೇಳಿದವರಿದ್ದರು. ಅವರಿಗೆ ಇನ್ನೊಂದು ಲೆಕ್ಕ. ಐದು ಜನರ ಮನೆಗೆ ವರ್ಷಕ್ಕೆ ತಲೆಗೆ ಆರು ಕಿಲೋದಂತೆ 30 ಕಿಲೋ ಎಂದು ಹಿಡಿದರೆ ತೆರಿಗೆ ಒಂದು ರೂಪಾಯಿಯಷ್ಟು. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ, ವೈಸರಾಯರ ಸಂಬಳ ದಿನಕ್ಕೆ 700 ರೂಪಾಯಿಗೂ ಹೆಚ್ಚು ಎಂದು ಗಾಂಧೀಜಿ 1930ರ ಮಾರ್ಚ್ 2ರ ಪತ್ರದಲ್ಲಿ ಆಗಿನ ವೈಸರಾಯ್ ಇರ್ವಿನ್ನರಿಗೇ ಬರೆದಿದ್ದರು. ಎರಡಾಣೆಯ ಲೆಕ್ಕದಲ್ಲಿ ಒಂದು ರೂಪಾಯಿ ಎಂದರೆ ಒಬ್ಬನ ಎಂಟು ದಿನದ ಗಳಿಕೆ. ಗದ್ದೆಯಲ್ಲಿ ಬೆವರು ಸುರಿಸುವವನಿಗೆ ಉಪ್ಪು ಕುರ್ಚಿಯಲ್ಲಿ ಕೂತವನಿಗಿಂತ ಹೆಚ್ಚು ಬೇಕು. ಬಡವ ಹೆಚ್ಚು ಕೊಟ್ಟು ಸಾಹುಕಾರ ಕಡಿಮೆ ಕೊಡುವ ತೆರಿಗೆ ಇದು.

ಜೈಲಿನ ತಿಂಗಳುಗಳು ಬೆಲೆಯ ಒಂದು ಪಾಲು ಮಾತ್ರ. ಮಂಗಳೂರಿನ ಕಾರ್ನಾಡು ಸದಾಶಿವ ರಾಯರು 1881ರಲ್ಲಿ ಉಳ್ಳವರ ಮನೆಯಲ್ಲಿ ಹುಟ್ಟಿ, ವಕೀಲಿ ಓದಿ, ದಕ್ಷಿಣ ಕನ್ನಡದ ಚಳವಳಿಯನ್ನು ಹೊತ್ತು ನಡೆಸಿದವರು. ಕೈಯಲ್ಲಿದ್ದ ಆಸ್ತಿಯೆಲ್ಲ ಅದಕ್ಕೇ ಕರಗಿತು. ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಕಾಯಿಲೆ ಬಿದ್ದು 1937ರ ಜನವರಿ 9ರಂದು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಇನ್ನೂ ಹತ್ತು ವರ್ಷ ಇತ್ತು. ಬೆಂಗಳೂರಿನ ಸದಾಶಿವನಗರಕ್ಕೆ ಅವರ ಹೆಸರೇ ಇದೆ. ಆದರೆ ಕಾಸರಗೋಡಿನ ಮಕ್ಕಳಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದಾರೆ? ನಮ್ಮದೇ ಜಿಲ್ಲೆಯ ನಾಯಕರಾಗಿದ್ದವರು ಅವರು. ಗಡಿ ಬದಲಾದ ಕೂಡಲೇ ಮರೆಯತಕ್ಕ ಹೆಸರಲ್ಲ.

ಕಯ್ಯೂರು ಎಂಬ ಹಳ್ಳಿ ತೆತ್ತ ಬೆಲೆ ಇನ್ನೂ ಭಾರದ್ದು, ಅದೂ ಅಂದಿನ ಕಾಸರಗೋಡು ತಾಲೂಕಿನದೇ. ಜಮೀನುದಾರರ ಗೇಣಿ, ಸುಲಿಗೆಯ ವಿರುದ್ಧ ಎದ್ದ ರೈತರ ಸಂಘಟನೆ ಅಲ್ಲಿನದು. ಉಪ್ಪಿನ ಸತ್ಯಾಗ್ರಹದಲ್ಲಿ ಬಾಲಕನಾಗಿದ್ದ ಮಾಧವನ್ ಅವರಂಥವರು ಮುಂದೆ ಹೊಸದುರ್ಗದ ಕಡೆ ದುಡಿದದ್ದೂ ರೈತರ ನಡುವೆಯೇ. 1941ರ ಮಾರ್ಚ್ 28ರಂದು ಪೊಲೀಸರ ದೌರ್ಜನ್ಯವನ್ನು ಪ್ರತಿಭಟಿಸಿ ಹೊರಟ ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಸುಬ್ಬರಾಯನೆಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ಮೊಕದ್ದಮೆ ಮಂಗಳೂರಿನಲ್ಲಿ ನಡೆಯಿತು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಪ್ರಾಯಕ್ಕೆ ಬಾರದ ಹುಡುಗನೆಂಬ ಕಾರಣಕ್ಕೆ ಉಳಿದುಕೊಂಡರು. ಮಾರ್ಚ್ 28 ಮತ್ತು 29, 1941 ಮತ್ತು 1943 ಈ ಎರಡನ್ನೂ ಪೋಸ್ಟರುಗಳಲ್ಲಿ ಅದಲುಬದಲು ಮಾಡುವುದು ಉಂಟು, ಎಚ್ಚರವಿರಲಿ. ಬೆಲೆಯ ಲೆಕ್ಕ ಬರೆಯುವಾಗ ಹೊಳೆಯಲ್ಲಿ ಸತ್ತ ಆ ಪೇದೆಯ ಹೆಸರನ್ನೂ ಬರೆಯಬೇಕೆಂದು ನನ್ನ ಅಭಿಪ್ರಾಯ. ಸಣ್ಣ ಸಂಬಳಕ್ಕೆ ದುಡಿಯುತ್ತಿದ್ದ ಮನುಷ್ಯ, ಆತನೂ ಆ ಆಳ್ವಿಕೆಗೆ ಬಲಿಯಾದವನೇ.

ಉಪ್ಪಿನ ಕಾನೂನು ಒಮ್ಮೆಗೇ ಬಿದ್ದುಹೋಗಲಿಲ್ಲ. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಸಿಕ್ಕಿದ್ದು ಇಷ್ಟು: ಉಪ್ಪು ಸಿಗುವ ಕಡೆಯ ಹಳ್ಳಿಯವರು ಮನೆಬಳಕೆಗೆ, ಅದೇ ಹಳ್ಳಿಯೊಳಗೆ ಮಾರುವುದಕ್ಕೆ ಉಪ್ಪು ಮಾಡಿಕೊಳ್ಳಬಹುದು, ಹಳ್ಳಿಯ ಹೊರಗೆ ವ್ಯಾಪಾರ ಕೂಡದು. ತೆರಿಗೆ ಪೂರ್ತಿ ಹೋದದ್ದು 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು. ಅಂದರೆ ಉಳಿಯತ್ತು ಕಡವಿನ ಆ ಒಲೆಯಿಂದ ಹದಿನೇಳು ವರ್ಷ.

ಪ್ರಯೋಗ ಮಾಡುವವರಿಗೆ ಕೊನೆಯ ಕೆಲವು ಮಾತು. ತೆಗೆದ ಉಪ್ಪನ್ನು ಪ್ರದರ್ಶನಕ್ಕೆ ಮಾತ್ರ ಇಡಿ, ಅಡಿಗೆಗೆ ಬೇಡ. ಇಂದಿನ ಅಳಿವೆಗಳ ನೀರನ್ನು ನಂಬುವಂತಿಲ್ಲ, ಅಯೋಡಿನ್ ಕೂಡ ಅದರಲ್ಲಿ ಇರುವುದಿಲ್ಲ. ಬುಟ್ಟಿಯಲ್ಲಿ ಒಂದು ರಾತ್ರಿ ನೀರು ಬಸಿಯಲು ಬಿಟ್ಟು, ಎರಡು ದಿನ ಬಿಸಿಲಲ್ಲಿ ಒಣಗಿಸಿ, ಗಾಜಿನ ಸಣ್ಣ ಸೀಸೆಗಳಿಗೆ ತುಂಬಬೇಕು. ತಲಾ 20 ಗ್ರಾಂ ಹಾಕಿದರೆ 200 ಗ್ರಾಂ ಉಪ್ಪಿಗೆ ಹತ್ತು ಸೀಸೆ. ಕಾಗದದ ಪೊಟ್ಟಣ ಆಗಿನ ಕ್ರಮಕ್ಕೆ ಹತ್ತಿರ, ಆದರೆ ನಮ್ಮ ಮಳೆಗಾಲ ಅದನ್ನು ಉಳಿಸುವುದಿಲ್ಲ. ಮುಚ್ಚಳದ ಸುತ್ತ ಮೇಣ ಹಚ್ಚಿದರೆ ನಾಲ್ಕೈದು ವರ್ಷ ಹಾಗೇ ಇರುತ್ತದೆ. ಬಸಿದ ಕಹಿ ನೀರನ್ನು ತೆಂಗಿನ ಬುಡಕ್ಕೆ, ಬಾವಿಯ ಹತ್ತಿರ ಚೆಲ್ಲದೆ ಅಳಿವೆಗೇ ಹೊಯ್ದುಬಿಡಿ. ಸೀಸೆಯ ಚೀಟಿಯಲ್ಲಿ ಮಣ್ಣು ಕೆರೆದ ಜಾಗ, ತಾರೀಕು, ತಿಥಿ, ಎಷ್ಟು ಲೀಟರು ನೀರು, ಎಷ್ಟು ಕಿಲೋ ಸೌದೆ ಎಂದು ಬರೆಯಿರಿ. ಅದರ ಕೆಳಗೆ ಆ 20 ಗ್ರಾಂ ಮೇಲಿನ 1930ರ ತೆರಿಗೆಯನ್ನೂ ಬರೆಯಿರಿ, ಒಂದು ಪೈಯ ಎಂಟನೇ ಒಂದು ಪಾಲು. ಈ ಲೆಕ್ಕವನ್ನು ಏಳನೇ ತರಗತಿಯ ಮಕ್ಕಳೇ ಮಾಡಬಲ್ಲರು, ಮಾಷ್ಟ್ರು ಹೇಳಿಕೊಡುವುದು ಬೇಡ.